ಖಣಿಯ ಉಸುಕು ಸೋಸಿದ ನೀರು

ಪುಣೆಯ ನಗರ ರಸ್ತೆಯಲ್ಲಿ ವಾಘೋಲಿಯನ್ನು ದಾಟಿ ಒಳರಸ್ತೆಗೆ ಹೊರಳಿದರೆ ಕಲ್ಲಿನ ಖಣಿಗಳು ಮತ್ತು ಕ್ರಷರುಗಳು ಶುರುವಾಗುತ್ತವೆ. ಅಲ್ಲಿಂದ ಏಳುವ ಬೂದು ಧೂಳು ಜಾಲಿಗಿಡಗಳ ಮೇಲೆ, ತಗಡಿನ ಮನೆಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಒಂದೇ ಸಮ ಕುಳಿತಿರುತ್ತದೆ. ಆ ಖಣಿಗಳ ಅಂಚಿನ ಒಂದು ವಸತಿಯಲ್ಲಿ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ 22 ಕುಟುಂಬಗಳಿವೆ. ಕೆಲವರು ಕಲ್ಲು ಒಡೆಯುತ್ತಾರೆ, ಕೆಲವರು ಕ್ರಷರಿನಲ್ಲಿ ದುಡಿಯುತ್ತಾರೆ, ಇನ್ನು ಕೆಲವರು ನಗರದ ಕಟ್ಟಡಗಳಿಗೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ನಾನು ಪುಣೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಈ ವಸತಿಯ ಇಬ್ಬರು ಮಕ್ಕಳು ನನ್ನ ತರಗತಿಯಲ್ಲಿ ಓದಿದ್ದರಿಂದ ಇಲ್ಲಿ ಈಗಲೂ ನಾನು ಎಲ್ಲರಿಗೂ ಅಕ್ಕೋರು.

2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ, ಕಿರ್ಕಟವಾಡಿ, ನಾಂದೇಡ, ಧಾಯರಿ ಭಾಗಗಳಲ್ಲಿ ಗಿಲಾನ್-ಬಾರೆ ಎಂಬ ನರರೋಗದ ಪ್ರಕರಣಗಳು ಒಂದರ ಹಿಂದೆ ಒಂದು ಕಾಣಿಸಿಕೊಂಡವು. ಹಲವು ರೋಗಿಗಳ ಮಲದ ಪರೀಕ್ಷೆಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿ, ಕಲುಷಿತ ನೀರಿನ ಮೇಲೆ ಅನುಮಾನ ಹುಟ್ಟಿದಾಗ ನಗರದ ಜನ ನೀರು ಕಾಯಿಸಿ ಕುಡಿಯತೊಡಗಿದರು. ನಮ್ಮ ವಸತಿ ಇರುವುದು ನಗರದ ಇನ್ನೊಂದು ತುದಿಯಲ್ಲಾದರೂ ಭಯಕ್ಕೆ ದೂರವೆಂಬುದಿಲ್ಲ. ಫೆಬ್ರವರಿಯ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯ ತಂದೆ, ವಸತಿಯವರೆಲ್ಲ ಗೌಂಡಿ ಕಾಕಾ ಎಂದು ಕರೆಯುವ ಹಿರಿಯರು, ಒಂದು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಮನೆಗೆ ಬಂದರು. "ಅಕ್ಕೋರೆ, ಇದು ನಾವು ಕುಡಿಯೋ ನೀರ್ರಿ. ಆ ದೊಡ್ಡ ರೋಗದ ಮಾತು ಬಿಡ್ರಿ, ನಮ್ಮ ಕೂಸುಗೋಳಿಗೆ ವಾಂತಿ-ಭೇದಿನೇ ಬಿಡವಲ್ದು. ಕಾಯಿಸಿ ಕುಡೀರಿ ಅಂತಾರ, ದಿನಾ ಕಾಯಿಸಲಿಕ್ಕಿ ಗ್ಯಾಸ್ ಎಲ್ಲಿಂದ ತರೂನು?" ಎಂದರು. ಬಾಟಲಿಯ ನೀರು ನೋಡುವುದಕ್ಕೆ ತಿಳಿಯಾಗಿಯೇ ಇತ್ತು.

ಮರುದಿನ ಹೋಗಿ ನೋಡಿದೆ. ವಸತಿಗೆ ನೀರಿನ ಮೂಲ ಮೂರು: ವಾರಕ್ಕೆರಡು ಸಲ ಬರುವ ಟ್ಯಾಂಕರ್, ಕಲ್ಲು ತೆಗೆಯುವುದು ನಿಂತು ಮಳೆನೀರು ತುಂಬಿದ ಹಳೆಯ ಖಣಿ, ಮತ್ತು ಈಗಲೂ ಮದ್ದು ಹಾಕಿ ಕಲ್ಲು ಸಿಡಿಸುತ್ತಿರುವ ಹೊಸ ಖಣಿಯ ತಳದ ನೀರು. ಜಾರ್ ನೀರು ಕೊಳ್ಳುವವರು ಮೂರು ಮನೆಯವರು ಮಾತ್ರ. ಹೆಂಗಸರು ಕೊಡದ ಬಾಯಿಗೆ ಸೀರೆ ಮಡಚಿ ಕಟ್ಟಿ ನೀರು ಸೋಸುತ್ತಿದ್ದರು. ಈ ಪದ್ಧತಿಯನ್ನು ಹಗುರವಾಗಿ ಕಾಣಬಾರದು. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಸಲವಾದರೂ ಮಡಚಿ ನೀರು ಸೋಸುವಂತೆ ಮಾಡಿ, ಕಾಲರಾ ಪ್ರಕರಣಗಳು 48 ಪ್ರತಿಶತ ಇಳಿದದ್ದನ್ನು 2003ರಲ್ಲಿ ಪ್ರಕಟಿಸಿದ್ದರು. ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿ ಕೋಪೆಪಾಡ್ ಎಂಬ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ. ಒಗೆದೊಗೆದು ಎಳೆ ಬಿರಿದು ರಂಧ್ರ ಕಿರಿದಾದ ಹತ್ತಿ ಸೀರೆಯ ಮಡಿಕೆಗಳು ಸುಮಾರು 20 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದೊಡ್ಡದಾದ ಆ ಜೀವಿಗಳನ್ನು ತಡೆಯುತ್ತವೆ. ಆದರೆ ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಗಳು ಒಂದೆರಡು ಮೈಕ್ರಾನ್‌ನವು, ಅವಕ್ಕೆ ಸೀರೆಯ ನೂಲು ಅಡ್ಡಿಯಾಗುವುದಿಲ್ಲ. ನಮ್ಮ ವಸತಿಯ ಸೀರೆಗಳಂತೂ ಹೆಚ್ಚಿನವು ನೈಲಾನ್ ಆಗಿದ್ದವು.

ಉಸುಕಿನ ಫಿಲ್ಟರ್ ಕಟ್ಟೋಣವೆಂದು ನನ್ನ ಮನಸ್ಸಿನಲ್ಲಿ ಮೊದಲ ದಿನವೇ ಬಂದಿತ್ತು. ಆದರೆ ಉಸುಕು ತಡೆಯುವುದು ಕಣಗಳನ್ನು ಮತ್ತು ರೋಗಾಣುಗಳನ್ನು. ನೀರಿನಲ್ಲಿ ಕರಗಿದ ಉಪ್ಪು, ಫ್ಲೋರೈಡ್, ನೈಟ್ರೇಟ್ ಅದರ ಕೈಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಮೂರೂ ಮೂಲಗಳ ನೀರನ್ನು ಪರೀಕ್ಷಾ ಕಿಟ್ ತಂದು ನೋಡಿದೆ. ಹಳೆಯ ಖಣಿಯ ನೀರಿನಲ್ಲಿ ಗಡಸುತನ ಹೆಚ್ಚಿದ್ದರೂ ಮಿತಿಯೊಳಗಿತ್ತು, ಫ್ಲೋರೈಡಿನ ತೊಂದರೆಯಿರಲಿಲ್ಲ. ಹೊಸ ಖಣಿಯ ನೀರಿನಲ್ಲಿ ಮಾತ್ರ ನೈಟ್ರೇಟಿನ ಬಣ್ಣ ಪಟ್ಟಿಯ ಕೊನೆಯ ಚೌಕದವರೆಗೂ ಏರಿತು. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟನ್ನು ಒಪ್ಪುವುದಿಲ್ಲ. ಕಲ್ಲು ಸಿಡಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ, ಉರಿಯದೆ ಉಳಿದ ಭಾಗ ಮಳೆಯಲ್ಲಿ ಕರಗಿ ಖಣಿಯ ತಳ ಸೇರುತ್ತದೆ. ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನು ಅದು ಕುಗ್ಗಿಸುತ್ತದೆ, ಮತ್ತು ನೀರನ್ನು ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ, ಆವಿಯಾದಷ್ಟೂ ಇನ್ನಷ್ಟು ದಟ್ಟವಾಗುತ್ತದೆ. ಆ ನೀರನ್ನು ಬಾಯಿಗೆ ಹಾಕಬಾರದೆಂದು ಮನೆಮನೆಗೆ ಹೋಗಿ ಹೇಳಿದೆವು. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದನ್ನು ನಾವು ಮಾಡಿಲ್ಲವೆಂದೇ ನನ್ನ ನಂಬಿಕೆ.

ಉಸುಕಿನಲ್ಲಿ ನೀರನ್ನು ನಿಧಾನವಾಗಿ ಇಳಿಸಿ ಶುದ್ಧ ಮಾಡುವ ವಿದ್ಯೆ ಹೊಸದಲ್ಲ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಎಂಜಿನಿಯರ್ ಲಂಡನ್ನಿನ ಚೆಲ್ಸಿಯಲ್ಲಿ ಊರಿಗೇ ನೀರು ಕೊಡುವಂಥ ಉಸುಕಿನ ಶೋಧಕ ಕಟ್ಟಿದ್ದ. 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಾಗ, ಅದೇ ನದಿಯ ನೀರನ್ನು ಉಸುಕಿನಲ್ಲಿ ಸೋಸಿ ಕೊಡುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಉಳಿದುಕೊಂಡಿತು. ಆ ದೊಡ್ಡ ಶೋಧಕದಲ್ಲಿ ನೀರು ಹಗಲೂ ರಾತ್ರಿ ಹರಿಯುತ್ತಲೇ ಇರಬೇಕು. ದಿನಕ್ಕೆ ನಾಲ್ಕು ಕೊಡ ಸುರಿಯುವ ಒಂದು ಮನೆಗೆ ಒಗ್ಗುವಂತೆ ಅದನ್ನು ಚಿಕ್ಕದು ಮಾಡಿದವರು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್. ನೀರು ಹೊರಬರುವ ಕೊಳವೆಯ ಬಾಯನ್ನು ಉಸುಕಿನ ಮಟ್ಟಕ್ಕಿಂತ ಐದು ಸೆಂಟಿಮೀಟರ್ ಮೇಲಿಟ್ಟರೆ, ಸುರಿಯುವುದು ನಿಂತ ಮೇಲೂ ಉಸುಕಿನ ಮೇಲೆ ಐದು ಸೆಂಟಿಮೀಟರ್ ನೀರು ನಿಂತೇ ಇರುತ್ತದೆ, ಮೇಲ್ಪದರದ ಸೂಕ್ಷ್ಮಜೀವಿಗಳು ಒಣಗುವುದಿಲ್ಲ. ನೀರಿನ ಆಳ ಅಷ್ಟೇ ಇರುವುದರಿಂದ ಗಾಳಿಯ ಆಮ್ಲಜನಕವೂ ಅವುಗಳವರೆಗೆ ಇಳಿಯುತ್ತದೆ. ಕರೆಂಟು ಬೇಡ, ಬದಲಿಸಬೇಕಾದ ಕ್ಯಾಂಡಲ್ ಇಲ್ಲ, ನೀರು ಪೋಲಾಗುವುದಿಲ್ಲ. ನಮ್ಮ ವಸತಿಯ ಮಟ್ಟಿಗೆ ಇನ್ನೂ ಒಂದು ಅನುಕೂಲವಿತ್ತು. ಈ ಫಿಲ್ಟರಿಗೆ ಹೊಳೆಯ ಉಸುಕಿಗಿಂತ ಒಡೆದ ಕಲ್ಲಿನ ಉಸುಕೇ ಮೇಲು, ಏಕೆಂದರೆ ಹೊಳೆಯ ಉಸುಕಿನಲ್ಲಿ ಕೊಳೆತ ಎಲೆ, ಸಗಣಿ, ರೋಗಾಣುಗಳು ಮೊದಲೇ ಸೇರಿರುತ್ತವೆ. ಇವರು ದಿನವೂ ಹೊರುತ್ತಿದ್ದ ಕರಿಕಲ್ಲಿನ ಉಸುಕು ನಮಗೆ ಬೇಕಾದ್ದೇ ಆಗಿತ್ತು.

ಫಿಲ್ಟರಿನ ಕಾಂಕ್ರೀಟ್ ಪೆಟ್ಟಿಗೆ ಎರಕ ಹೊಯ್ಯುವುದಕ್ಕೆ ಉಕ್ಕಿನ ಸಾಚಾ, ಅಂದರೆ ಅಚ್ಚು, ಬೇಕು. ಅದರ ನಕ್ಷೆಯನ್ನು ಒಂದು ಫ್ಯಾಬ್ರಿಕೇಶನ್ ಅಂಗಡಿಗೆ ಕೊಟ್ಟು ಮಾಡಿಸಿದೆವು, ನನ್ನ ಕೈಯಿಂದ ಹೋದ ದೊಡ್ಡ ಖರ್ಚು ಅದೊಂದೇ. ಸಾಚಾ ಬಿಟ್ಟು, ಕೂಲಿ ಬಿಟ್ಟು, ಒಂದು ಫಿಲ್ಟರಿಗೆ ಸಾವಿರ ರೂಪಾಯಿಯೊಳಗೆ ಮುಗಿಯಿತು. ಮಾರ್ಚಿಯಲ್ಲಿ ಕಾಕಾ ಮತ್ತು ಅವರ ಮಗ ದಿನಕ್ಕೊಂದರಂತೆ ಪೆಟ್ಟಿಗೆ ಹೊಯ್ದರು: ಒಂದು ಪಾಲು ಸಿಮೆಂಟ್, ಎರಡು ಪಾಲು ಉಸುಕು, ಎರಡು ಪಾಲು ಸಣ್ಣ ಖಡಿ (ಜಲ್ಲಿಕಲ್ಲು). ಅವರಿಗೆ ನಾನು ಹೇಳಿಕೊಡಬೇಕಾದ್ದು ಹೆಚ್ಚಿರಲಿಲ್ಲ. ಒಳಗಿನ ತಳದಿಂದ ಹೊರಟು ಗೋಡೆಯೊಳಗೇ ಮೇಲೇರುವ ಆರು ಮಿಲಿಮೀಟರ್ ಒಳವ್ಯಾಸದ ಕೊಳವೆ ಎರಕದಲ್ಲಿ ನಜ್ಜಾಗಬಾರದು ಎಂಬುದೊಂದೇ ಎಚ್ಚರಿಕೆ. ಮೊದಲ ಪೆಟ್ಟಿಗೆಯಲ್ಲಿ ಅದು ನಜ್ಜಾಗಿ ಮುಚ್ಚಿಹೋಯಿತು, ಆ ಪೆಟ್ಟಿಗೆ ಈಗ ಬಟ್ಟೆ ಒಗೆಯುವ ಕಟ್ಟೆಯಾಗಿದೆ. ಉಳಿದವನ್ನು ಒಂದು ವಾರ ಗೋಣಿತಟ್ಟು ಹೊದಿಸಿ ನೀರುಣಿಸಿದೆವು.

ಉಸುಕಿನ ಕೆಲಸ ಮಾತ್ರ ನಾನು ಎಣಿಸಿದ್ದಕ್ಕಿಂತ ಬಹಳ ದೊಡ್ಡದಾಯಿತು. ಜರಡಿಗಳು ಮೂರು. 12 ಮಿಲಿಮೀಟರ್ ಜರಡಿಯಲ್ಲಿ ಇಳಿದು ಆರರಲ್ಲಿ ನಿಂತದ್ದು ತಳದ ಖಡಿ. ಆರರಲ್ಲಿ ಇಳಿದು 0.7ರಲ್ಲಿ ನಿಂತದ್ದು ನಡುವಿನ ಪದರಕ್ಕೆ. 0.7 ಮಿಲಿಮೀಟರ್ ಜರಡಿಯಲ್ಲಿ ಇಳಿದದ್ದು ನೀರು ಸೋಸುವ ಉಸುಕು. ಉಸುಕು ಪೂರ್ತಿ ಒಣಗಿರದಿದ್ದರೆ ಸಣ್ಣ ಜರಡಿಯಲ್ಲಿ ಒಂದು ಕಾಳೂ ಇಳಿಯುವುದಿಲ್ಲ, ಅದಕ್ಕಾಗಿಯೇ ಮಳೆಗಾಲಕ್ಕೆ ಮೊದಲೇ ಇದನ್ನೆಲ್ಲ ಮುಗಿಸಬೇಕಿತ್ತು. ಒಂದೊಂದು ಪೆಟ್ಟಿಗೆಗೆ ಸುಮಾರು 30 ಲೀಟರ್ ಸಣ್ಣ ಉಸುಕು ಬೇಕು. ಹೆಂಗಸರು ಕೆಲಸದಿಂದ ಬಂದ ಮೇಲೆ ಸಂಜೆ ಕುಳಿತು ಜರಡಿ ಹಿಡಿದರು, ಧೂಳಿಗೆ ಮೂಗಿಗೆ ಸೆರಗು ಕಟ್ಟಿಕೊಂಡರು. ಕಲ್ಲಿನ ಧೂಳು ಶ್ವಾಸಕ್ಕೆ ಎಷ್ಟು ಕೆಟ್ಟದ್ದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಜರಡಿಯಾದ ಮೇಲೆ ತೊಳೆಯುವುದು. ಕ್ರಷರಿನ ಉಸುಕಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದೆ. ಅದು ಹೆಚ್ಚು ಉಳಿದರೆ ನೀರು ಇಳಿಯುವುದೇ ಇಲ್ಲ, ಪೂರ್ತಿ ತೊಳೆದುಹೋದರೆ ನೀರು ಭರಭರನೆ ಇಳಿದು ರೋಗಾಣುಗಳಿಗೆ ದಾರಿ ಬಿಡುತ್ತದೆ. ಎಷ್ಟು ತೊಳೆಯಬೇಕೆಂಬುದಕ್ಕೆ ಒಂದು ಪರೀಕ್ಷೆಯಿದೆ: ಗಾಜಿನ ಬರಣಿಯಲ್ಲಿ ತೊಳೆದ ಉಸುಕು ಮತ್ತು ತಿಳಿನೀರು ಸಮಸಮ ಹಾಕಿ ತಿರುಗಿಸಿ, ನಿಲ್ಲಿಸಿ, ನಾಲ್ಕು ಎಣಿಸುವುದರೊಳಗೆ ಪಕ್ಕದಿಂದ ನೋಡಬೇಕು. ಉಸುಕಿನ ಮೇಲ್ಮೈ ಮಬ್ಬುಮಬ್ಬಾಗಿ ಕಂಡರೆ ಹದ ಸರಿ. ಏನೂ ಕಾಣದಿದ್ದರೆ ಇನ್ನೂ ತೊಳೆಯಬೇಕು, ಸ್ಪಷ್ಟವಾಗಿ ಕಂಡರೆ ತೊಳೆದದ್ದು ಹೆಚ್ಚಾಯಿತು. ನಾನು ಈ ಪರೀಕ್ಷೆಯನ್ನು ಓದಿ ಕಲಿತವಳು. ಆದರೆ ಮೂರನೆಯ ದಿನದ ಹೊತ್ತಿಗೆ ವಸತಿಯ ಹಿರಿಯ ಅವ್ವ ಒಬ್ಬರು ಬರಣಿಯನ್ನೇ ಮುಟ್ಟದೆ, ತೊಳೆದ ನೀರಿನ ಬಣ್ಣ ನೋಡಿ, "ಅಕ್ಕಿ ತೊಳೆದ ಎರಡನೇ ನೀರಿನ್ಹಂಗ ಬಂತು, ಸಾಕ್ ಬಿಡವ್ವ" ಎಂದು ಹೇಳತೊಡಗಿದರು. ಬರಣಿಯಲ್ಲಿ ಹಾಕಿ ನೋಡಿದಾಗಲೆಲ್ಲ ಅವರ ಲೆಕ್ಕ ಸರಿಯಾಗಿತ್ತು. ಆಮೇಲೆ ಎಲ್ಲರಿಗೂ ಆ ಮಾತೇ ಅಳತೆಯಾಯಿತು.

ಪೆಟ್ಟಿಗೆಯನ್ನು ಮನೆಯೊಳಗೆ ಅದರ ಜಾಗದಲ್ಲಿ ಮಟ್ಟಸವಾಗಿ ನಿಲ್ಲಿಸಿಯೇ ತುಂಬಬೇಕು, ತುಂಬಿದ ಮೇಲೆ ಸರಿಸುವಂತಿಲ್ಲ. ತಳಕ್ಕೆ ಐದು ಸೆಂಟಿಮೀಟರ್ ಖಡಿ, ಅದರ ಮೇಲೆ ಐದು ಸೆಂಟಿಮೀಟರ್ ಸಣ್ಣ ಖಡಿ, ಆ ಮೇಲೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಉಸುಕು. ಉಸುಕನ್ನು ಯಾವಾಗಲೂ ನಿಂತ ನೀರಿನೊಳಕ್ಕೇ ಸುರಿಯಬೇಕು, ಒಣ ಪೆಟ್ಟಿಗೆಗೆ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ನೀರಿನ ದಾರಿ ಕಟ್ಟುತ್ತದೆ. ಮೇಲೆ ಮೂರು ಮಿಲಿಮೀಟರ್ ತೂತುಗಳ ತಟ್ಟೆ ಇಟ್ಟರೆ, ಸುರಿದ ನೀರು ಉಸುಕನ್ನು ಕೆದರದೆ ಹನಿಹನಿಯಾಗಿ ಬೀಳುತ್ತದೆ. ಆಮೇಲೆ ಪೆಟ್ಟಿಗೆಯನ್ನು ಕಂಠದವರೆಗೆ ತುಂಬಿ, ಗಡಿಯಾರ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ನೀರು ಬಂತೆಂದು ಅಳೆಯಬೇಕು. 400 ಮಿಲಿ ಲೀಟರಿಗಿಂತ ಹೆಚ್ಚಾಗಬಾರದು. ನಮ್ಮ ಮೊದಲ ಫಿಲ್ಟರಿನಲ್ಲಿ 600 ಬಂತು. ಜೋರಾಗಿ ನೀರು ಬಂದದ್ದಕ್ಕೆ ಮನೆಯವರು ಸಂತೋಷಪಟ್ಟರು, ನಾನು ಉಸುಕು ತೆಗೆಸಿ ಕಡಿಮೆ ತೊಳೆದ ಉಸುಕು ಬೆರೆಸಿ ಮತ್ತೆ ತುಂಬಿಸಿದೆ. ಸಣ್ಣಗೆ ಬರುವ ನೀರೇ ಒಳ್ಳೆಯ ನೀರು ಎಂಬುದನ್ನು ಒಪ್ಪಿಸುವುದಕ್ಕೆ ಏಪ್ರಿಲ್ ತಿಂಗಳು ಪೂರ್ತಿ ಹಿಡಿಯಿತು.

ಅದಕ್ಕಿಂತ ಕಷ್ಟವಾದದ್ದು ಕಾಯುವುದು. ಹೊಸ ಉಸುಕು ರೋಗಾಣುಗಳ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಸುರಿದ ನೀರಿನಲ್ಲೇ ಇರುವ ಸೂಕ್ಷ್ಮಜೀವಿಗಳು ಉಸುಕಿನ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ ನೆಲೆನಿಂತು, ಬೆಳೆದು, ಬರುವ ರೋಗಾಣುಗಳನ್ನು ತಿನ್ನತೊಡಗುವುದಕ್ಕೆ ಸುಮಾರು ಮೂವತ್ತು ದಿನ ಬೇಕು. ಅಷ್ಟು ದಿನ ದಿನವೂ ಒಂದೇ ಮೂಲದ ನೀರು ಸುರಿಯಬೇಕು. ಎರಡು ಸುರಿಯುವಿಕೆಗಳ ನಡುವೆ ಕನಿಷ್ಠ ಒಂದು ಗಂಟೆ ಬಿಡಬೇಕು, ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು. ಟ್ಯಾಂಕರ್ ನೀರಿಗೆ ಕ್ಲೋರಿನ್ ಹಾಕಿದ್ದರೆ ಅದನ್ನು ಫಿಲ್ಟರಿಗೆ ಸುರಿಯಲೇಬಾರದು, ಬೆಳೆದದ್ದೆಲ್ಲ ಸಾಯುತ್ತದೆ. ಇದನ್ನು ಮೂರು ಸಲ ಮೂರು ಬಗೆಯಾಗಿ ವಿವರಿಸಿದೆ, ಯಾರ ಮುಖದಲ್ಲೂ ಒಪ್ಪಿಗೆ ಕಾಣಲಿಲ್ಲ. ಕೊನೆಗೆ ಅದೇ ಅವ್ವ, "ಹೆಪ್ಪು ಹಾಕಿಟ್ಟಂಗ ಅಂತ ತಿಳೀರಿ. ಅಲುಗಾಡಿಸಬ್ಯಾಡ್ರಿ, ಕೈ ಇಕ್ಕಬ್ಯಾಡ್ರಿ, ಮಸರು ತನ್ನ ಹೊತ್ತಿಗೆ ತಾನೇ ಆಗ್ತದ" ಎಂದರು. ಹಾಲಿನಲ್ಲಿ ಜೀವವಿದೆ, ಹೊತ್ತು ಬೇಕು, ಕೈಯಾಡಿಸಿದರೆ ಕೆಡುತ್ತದೆ ಎಂಬುದು ಅಡುಗೆಮನೆಯ ಪ್ರತಿಯೊಬ್ಬರಿಗೂ ತಿಳಿದ ಸಂಗತಿ. ನಾನು ಬಹಳ ವರ್ಷ ಪಾಠ ಹೇಳಿದವಳು, ಇಂಥ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಹೀಗಿದ್ದೂ ಒಂದು ಫಿಲ್ಟರ್ ಹದಿನೆಂಟನೆಯ ದಿನ ಕೆಟ್ಟಿತು. ಅದು ನನ್ನದೇ ತಪ್ಪು. ಕೊಳವೆಯ ಬಾಯಿಂದ ನೆಲದ ಕೊಡಕ್ಕೆ ನೀರು ಬೀಳುವಾಗ ಸಿಡಿಯುತ್ತದೆಂದು ಆ ಮನೆಯ ಸೊಸೆ ಒಂದು ಮೊಳ ಪೈಪು ಸಿಕ್ಕಿಸಿದ್ದಳು. ಪೈಪಿನ ತುದಿ ಉಸುಕಿನ ಮಟ್ಟಕ್ಕಿಂತ ಕೆಳಗೆ ಹೋದ ಕೂಡಲೇ ಅದು ನೀರನ್ನು ಎಳೆಯುತ್ತ ಹೋಗಿ, ಉಸುಕಿನ ಮೇಲೆ ನಿಲ್ಲಬೇಕಾದ ಐದು ಸೆಂಟಿಮೀಟರ್ ನೀರನ್ನೂ ಉಳಿಸಲಿಲ್ಲ. ಎರಡು ದಿನ ಬಿಸಿಲಿನ ಝಳದಲ್ಲಿ ಮೇಲ್ಪದರ ಒಣಗಿ ಬಿರಿಯಿತು. ನಳ ಕೂಡಿಸಬಾರದೆಂದು ನಾನು ಎಲ್ಲರಿಗೂ ಹೇಳಿದ್ದೆ, ಪೈಪಿನ ಮಾತು ಹೇಳಿರಲಿಲ್ಲ. ಹುಡುಗಿ ಅತ್ತಳು. ಕಾಕಾ ಮರುದಿನವೇ ಎಲ್ಲ ಮನೆಗಳಲ್ಲೂ ಕೊಡ ಇಡುವುದಕ್ಕೆ ಕೊಳವೆಯ ಬಾಯಿಗೆ ಹತ್ತಿರವಾಗುವಂತೆ ಇಟ್ಟಿಗೆಯ ಸಣ್ಣ ಕಟ್ಟೆ ಕಟ್ಟಿದರು. ಆ ಫಿಲ್ಟರಿನ ಲೆಕ್ಕ ಮತ್ತೆ ಒಂದನೆಯ ದಿನದಿಂದ ಶುರುವಾಯಿತು.

ನೀರು ಸುಧಾರಿಸಿದೆಯೇ ಎಂದು ತಿಳಿಯಲು ಹೈಡ್ರೋಜನ್ ಸಲ್ಫೈಡ್ ಬಾಟಲಿಗಳನ್ನು ಬಳಸಿದೆವು. 1982ರಲ್ಲಿ ಮಾಂಜಾ ಮತ್ತು ಅವರ ಸಂಗಡಿಗರು ಭಾರತದಲ್ಲೇ ರೂಪಿಸಿದ ಈ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಔಷಧ ಹೀರಿಸಿದ ಕಾಗದದ ಪಟ್ಟಿಯಿರುವ ಬಾಟಲಿಗೆ ನೀರು ತುಂಬಿಟ್ಟರೆ, ಮಲದಿಂದ ಬಂದ ಬ್ಯಾಕ್ಟೀರಿಯಾಗಳಿದ್ದಲ್ಲಿ ಒಂದೆರಡು ದಿನದೊಳಗೆ ನೀರು ಕಪ್ಪಾಗುತ್ತದೆ. ಪುಣೆಯ ಬೇಸಿಗೆಯ ಸೆಖೆಯೇ ಅದಕ್ಕೆ ಸಾಕು. ಹಳೆಯ ಖಣಿಯ ನೀರು ಒಂದೇ ರಾತ್ರಿಯಲ್ಲಿ ಮಸಿಯಾಯಿತು. ಕಾಕಾ ನನಗೆ ತಂದು ತೋರಿಸಿದ್ದ ಆ ತಿಳಿನೀರು ಅದೇ. ಬಾಟಲಿಯನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು, ಯಾರೂ ಹೆಚ್ಚು ಮಾತಾಡಲಿಲ್ಲ. ಹತ್ತನೆಯ ದಿನದ ಫಿಲ್ಟರ್ ನೀರೂ ಕಪ್ಪಾಯಿತು, ಸ್ವಲ್ಪ ತಡವಾಗಿ. ಮೂವತ್ತೈದನೆಯ ದಿನ ಪರೀಕ್ಷಿಸಿದ ಎಂಟು ಫಿಲ್ಟರುಗಳಲ್ಲಿ ಆರರ ನೀರು ಎರಡು ದಿನ ಕಳೆದರೂ ಬಣ್ಣ ಬದಲಿಸಲಿಲ್ಲ, ಎರಡರದು ಕಪ್ಪಾಯಿತು.

ಆ ಎರಡಕ್ಕಾಗಿ ಮಾತ್ರವಲ್ಲ, ಎಲ್ಲದಕ್ಕೂ ಸೋಸಿದ ಮೇಲೆ ಕ್ಲೋರಿನ್ ಹಾಕಬೇಕೆಂದು ನಾನು ಮೊದಲಿನಿಂದ ಹೇಳುತ್ತ ಬಂದಿದ್ದೆ. ಚೆನ್ನಾಗಿ ನಡೆಯುವ ಫಿಲ್ಟರ್ ಕೂಡ ಬ್ಯಾಕ್ಟೀರಿಯಾಗಳನ್ನು ಬಹುಪಾಲು ತೆಗೆಯುತ್ತದೆಯೇ ಹೊರತು ಪೂರ್ತಿ ಅಲ್ಲ, ವೈರಸ್‌ಗಳ ಮಟ್ಟಿಗಂತೂ ಅದರ ಶಕ್ತಿ ಇನ್ನೂ ಕಡಿಮೆ. ನಮ್ಮ ಮಾನಕವೋ 100 ಮಿಲಿ ಲೀಟರ್ ನೀರಿನಲ್ಲಿ ಮಲದಿಂದ ಬರುವ ಈ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದು ಕೂಡ ಇರಬಾರದೆನ್ನುತ್ತದೆ. ಸೋಸದ ನೀರಿಗೆ ಹಾಕಿದ ಕ್ಲೋರಿನ್ನನ್ನು ಕೊಳೆಯೇ ತಿಂದುಬಿಡುತ್ತದೆ, ಸೋಸಿದ ನೀರಿಗೆ ಸ್ವಲ್ಪವೇ ಸಾಕಾಗುತ್ತದೆ, ವಾಸನೆಯೂ ಕಡಿಮೆ. ಅರ್ಧ ಗಂಟೆ ಬಿಟ್ಟು, ಉಳಿದ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೋಡಿ, ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಕುಡಿಯಬಹುದು. ಇಷ್ಟು ಮಾಡಿದ ನೀರಿಗೆ ಹಳೆಯ ಕೊಡದಲ್ಲಿ ಗ್ಲಾಸು ಅದ್ದಿ ತೆಗೆದರೆ ಎಲ್ಲ ವ್ಯರ್ಥವಾಗುತ್ತದೆಂದು ಉದ್ದ ಹಿಡಿಕೆಯ ಸೌಟುಗಳನ್ನೂ ಮುಚ್ಚಳಗಳನ್ನೂ ತಂದೆವು. ಇದು ಇನ್ನೂ ಎಲ್ಲ ಮನೆಗಳಲ್ಲಿ ರೂಢಿಯಾಗಿಲ್ಲ.

ಜೂನ್‌ನಲ್ಲಿ ಹಳೆಯ ಖಣಿಗೆ ರಾಡಿ ನೀರು ಇಳಿಯಿತು. ಎರಡು ಲೀಟರಿನ ಪಾರದರ್ಶಕ ಬಾಟಲಿಯನ್ನು ದಪ್ಪ ಅಕ್ಷರದ ಕಾಗದದ ಮೇಲಿಟ್ಟು ಮೇಲಿನಿಂದ ನೋಡಿದಾಗ ಅಕ್ಷರ ಕಾಣದಿದ್ದರೆ ಆ ನೀರನ್ನು ನೇರ ಸುರಿಯಬಾರದು. ತುರಟಿ (ಪಟಕ) ಆಡಿಸಿ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮಡಚಿದ ಹಳೆಯ ಹತ್ತಿ ಸೀರೆಯಲ್ಲಿ ಸೋಸಿ ಹಾಕುವ ಕ್ರಮ ಮಾಡಿಕೊಂಡೆವು. ಹೀಗಿದ್ದರೂ ಜುಲೈ ನಡುವಿನಲ್ಲಿ ಹಲವು ಫಿಲ್ಟರುಗಳು ನಿಮಿಷಕ್ಕೆ 100 ಮಿಲಿ ಲೀಟರಿಗೂ ಕೆಳಗಿಳಿದವು. ಆಗ ಮೇಲೆ ಸ್ವಲ್ಪ ನೀರು ಸುರಿದು, ಉಸುಕಿನ ಮೇಲ್ಮೈಯನ್ನು ಅಂಗೈಯಿಂದ ಮೆಲ್ಲಗೆ ತಿರುವಿ, ಎದ್ದ ರಾಡಿಯನ್ನು ಮೊಗೆದು ಚೆಲ್ಲಿ, ಮತ್ತೆ ಕೆಲವು ದಿನ ಪದರ ಚೇತರಿಸಿಕೊಳ್ಳಲು ಬಿಡಬೇಕು.

ನಾಗರ ಪಂಚಮಿಗೆ ವಸತಿಯ ಹೆಂಗಸರೆಲ್ಲ ತವರಿಗೆ ಹೊರಟರು, ಗಂಡಸರೂ ಹಲವರು ಹಿಂದೆ ಹೋದರು. ಎರಡು ದಿನಕ್ಕಿಂತ ಹೆಚ್ಚು ನೀರು ಕಾಣದಿದ್ದರೆ ಪದರ ಸಾಯುತ್ತದೆ ಎಂಬ ಚಿಂತೆ ನನಗೆ. ಮೊಣಕಾಲು ನೋವೆಂದು ಊರಿಗೆ ಹೋಗದೆ ಉಳಿದಿದ್ದ ಆ ಅವ್ವ ಹನ್ನೊಂದು ದಿನವೂ ಬೆಳಿಗ್ಗೆ ಮೊಮ್ಮಗನ ಕೈಯಲ್ಲಿ ಕೊಡ ಹೊರಿಸಿ ಮನೆಮನೆಗೆ ಹೋಗಿ, ಬೀಗ ಹಾಕಿದವರ ಕೀಲಿ ಇಸಿದುಕೊಂಡು, ಪ್ರತಿ ಫಿಲ್ಟರಿಗೂ ಅರ್ಧ ಕೊಡ ನೀರು ಹಾಕಿಸಿದ್ದರು. ನಾನು ಫೋನಿನಲ್ಲಿ ಕೇಳಿದಾಗ, "ದನಕ್ಕ ನೀರು ಕುಡಿಸಿದ್ಹಂಗ ಕುಡಿಸ್ಲಿಕತ್ತೀನ್ರಿ ಅಕ್ಕೋರೆ" ಎಂದರು.

ದೀಪಾವಳಿಗೆ ಊರಿಗೆ ಹೊರಟ ಕಾಕಾ ಸಾಚಾವನ್ನು ಟೆಂಪೋಗೆ ಹಾಕಿಕೊಂಡು ಹೋದರು. ಅವರದು ಸೇಡಂ ಕಡೆಯ ಹಳ್ಳಿ, ಅಲ್ಲಿ ಕುಡಿಯುವುದು ಬಾವಿಯ ನೀರು. ಹೊರಡುವ ಮೊದಲು ಒಂದು ಮಾತು ಹೇಳಿ ಕಳಿಸಿದ್ದೆ: ಪುಣೆಯದು ಕರಿಕಲ್ಲು, ಸೇಡಂ-ಶಹಾಬಾದದ್ದು ಸುಣ್ಣದ ಕಲ್ಲು. ಸುಣ್ಣದ ಅಂಶವಿರುವ ಉಸುಕು ನೀರಿನಲ್ಲಿ ನಿಧಾನವಾಗಿ ಕರಗಿ ಗಡಸುತನ ಹೆಚ್ಚಿಸುತ್ತದೆ, ಆದ್ದರಿಂದ ಉಸುಕಿನ ಮೇಲೆ ಲಿಂಬೆಹಣ್ಣು ಹಿಂಡಿ ನೊರೆ ಏಳುತ್ತದೆಯೇ ನೋಡಿ ಎಂದು. ನಾಲ್ಕನೆಯ ದಿನ ಅವರ ಫೋನು ಬಂತು. ಊರ ಪಕ್ಕದ ಕ್ರಷರಿನ ಪುಡಿಗೆ ಹಿಂಡಿದ ಕೂಡಲೇ ನೊರೆ ಬುಸುಬುಸು ಎದ್ದಿತಂತೆ. ಯಾದಗಿರಿ ಕಡೆ ಬಿಳಿ-ಕೆಂಪು ಗಟ್ಟಿಕಲ್ಲಿನ ಕ್ರಷರುಗಳಿವೆ, ಅಲ್ಲಿಂದ ಎರಡು ಬುಟ್ಟಿ ತರಿಸಿ ಅದಕ್ಕೂ ಲಿಂಬೆಹಣ್ಣು ಹಿಂಡಿ ನೋಡಿದ ಮೇಲೆಯೇ ಸಿಮೆಂಟಿನ ಚೀಲ ಬಿಚ್ಚುತ್ತೇನೆ ಎಂದರು.